ಬಂದೂಕು ಎಲ್ಲಿಡಬೇಕು?


*ಇಂದಿನ ಧಮ್ಮ ಚಿಂತನೆ*

ಉಪಾಸಕ, ಉಪಾಸಿಕೆಯರೇ,

ಹೋದ ಭಾನುವಾರ ತ್ರಿಶರಣ, ಪಂಚಶೀಲ ಮುಗಿದ ಮೇಲೆ ಲಿಂಗಸುಗೂರು ಕಡೆಯ ಉಪಾಸಕರೊಬ್ಬರು ಒಂದು ಪ್ರಶ್ನೆ ಇಟ್ಟರು. ಹೊಲದ ಬದುವಿನ ತಕರಾರು ಅವರದು. ಎದುರಿನವರು ಬಲಿಷ್ಠರು, ರಾತ್ರಿ ಮನೆ ಮುಂದೆ ಬಂದು ಬೈದು ಹೋಗಿದ್ದಾರೆ. ಬಂದೂಕಿನ ಲೈಸನ್ಸಿಗೆ ಅರ್ಜಿ ಹಾಕಬೇಕೆಂದು ಇವರು ಮನಸ್ಸು ಮಾಡಿದ್ದಾರೆ. ಮನೆಯಾಕೆ ಮಾತ್ರ ಒಪ್ಪುತ್ತಿಲ್ಲ. “ಮನ್ಯಾಗ ಬ್ಯಾಡ್ರೀ, ಅದು ಒಳಗ ಬಂದ್ರ ನನಗ ನಿದ್ದಿ ಹತ್ತಂಗಿಲ್ಲ” ಅನ್ನುತ್ತಾರಂತೆ. ಹಾಗಾಗಿ ಅವರ ಪ್ರಶ್ನೆ ಇಷ್ಟೇ: “ಟ್ರಂಕಿನಾಗ ಇಟ್ಟು ಕೀಲಿ ಹಾಕ್ಲೋ, ಅಟ್ಟದ ಮ್ಯಾಲೆ ಇಡ್ಲೋ, ಅಣ್ಣನ ಮನ್ಯಾಗ ಇಡ್ಲೋ? ಎಲ್ಲಿಟ್ರ ಅಕಿ ಒಪ್ಪತಾಳ?”

ಕೆಲವರು ನಕ್ಕರು. ನಗುವಂಥ ಪ್ರಶ್ನೆ ಅಲ್ಲ ಇದು. ಎರಡು ಭಯಗಳು ಒಂದೇ ಮನೆಯಲ್ಲಿ ಎದುರುಬದುರು ಕೂತಿವೆ, ಎರಡೂ ನಿಜವಾದವೇ. ಅದಕ್ಕೆ ಇವತ್ತಿನ ಚಿಂತನೆ ಸ್ವಲ್ಪ ಉದ್ದವಾದರೂ ಸಾವಕಾಶ ಓದಿ.

ಮೊದಲು ಗಂಡನ ಭಯದ ಮಾತು. ನಮ್ಮವರು ಬಂದೂಕು ಕೇಳಿದರೆ “ಬೌದ್ಧರಾಗಿ ಹಿಂಸೆಯ ಮಾತೇ?” ಎಂದು ಪಾಠ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಂಥವರು ಬಾಬಾಸಾಹೇಬರ ‘ಜಾತಿ ವಿನಾಶ’ವನ್ನು ಇನ್ನೊಮ್ಮೆ ತೆರೆಯಲಿ. ಕೆಳಗಿನವರು ಸಾವಿರಾರು ವರ್ಷ ಏಕೆ ತಿರುಗಿಬೀಳಲಿಲ್ಲ ಎಂಬ ಪ್ರಶ್ನೆಗೆ ಅವರು 1936ರಲ್ಲೇ ಉತ್ತರ ಕೊಟ್ಟಿದ್ದಾರೆ. ಚಾತುರ್ವರ್ಣ್ಯ ನಮ್ಮ ಕೈಗೆ ಆಯುಧ ಸಿಗದಂತೆ ಮಾಡಿತು, ಆಯುಧವಿಲ್ಲದೆ ಬಂಡಾಯವಿಲ್ಲ. ಆಯುಧ ಇಲ್ಲದಿದ್ದದ್ದು ನಮ್ಮ ಸದ್ಗುಣವಾಗಿರಲಿಲ್ಲ, ನಮ್ಮ ಮೇಲೆ ಹೇರಿದ ಸ್ಥಿತಿಯಾಗಿತ್ತು. 1941ರ ಅಕ್ಟೋಬರಿನಲ್ಲಿ ನಮ್ಮದೇ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಶುರುವಾದಾಗ ಅದಕ್ಕಾಗಿ ಓಡಾಡಿದವರಲ್ಲಿ ಬಾಬಾಸಾಹೇಬರೂ ಇದ್ದರು.

ಕಾನೂನೂ ಇದನ್ನು ಒಪ್ಪಿದೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೇ ನಿಯಮ ನೋಡಿ. ದೌರ್ಜನ್ಯ ನಡೆಯುವ ಸಂಭವ ಇರುವ ಕಡೆ ಅಗತ್ಯ ಕಂಡರೆ ಪರಿಶಿಷ್ಟರಿಗೆ ಆಯುಧ ಲೈಸನ್ಸ್ ಕೊಡಬಹುದು ಎಂದು ಅದರಲ್ಲಿ ಬರೆದಿದೆ. ನಮ್ಮ ಸಂಘಟನೆಗಳವರು ಈ ಸಾಲನ್ನು ಬಾಯಿಪಾಠ ಹೇಳುತ್ತಾರೆ. ಅದರ ಹಿಂದಿನ ಎರಡು ಅಂಶ ಹೇಳುವವರು ಕಡಿಮೆ. ಅಗತ್ಯ ಕಂಡರೆ ಪರಿಶಿಷ್ಟರಲ್ಲದವರ ಲೈಸನ್ಸ್ ರದ್ದು ಮಾಡಿ ಅವರ ಬಂದೂಕುಗಳನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು, ಅಕ್ರಮ ಆಯುಧಗಳನ್ನು ಜಪ್ತಿ ಮಾಡಬೇಕು. ನಮಗೆ ಬಂದೂಕು ಕೊಡುವ ಮಾತು ಬರುವುದು ಇವೆರಡರ ನಂತರ. ಅರ್ಜಿ ಬರೆಯುವವರು ಮೊದಲು ಆ ಎರಡನ್ನು ಕೇಳಲಿ ಎಂದು ನನ್ನ ಸಲಹೆ. ಎದುರಿನವನ ಮನೆಯಿಂದ ಬಂದೂಕು ಹೊರಗೆ ಹೋದರೆ ನಮ್ಮ ಮನೆಯಲ್ಲಿ ಅದನ್ನು ಎಲ್ಲಿಡಬೇಕೆಂಬ ಜಗಳವೇ ಇರುವುದಿಲ್ಲ.

ಇನ್ನು ಧಮ್ಮದ ಮಾತು. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ನಿಯಮವೆಂದು ಹೇಳಲಿಲ್ಲ, ತತ್ವವೆಂದು ಹೇಳಿದರು. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿಟ್ಟರು. ಆತ್ಮರಕ್ಷಣೆಗೆಂದು ಲೈಸನ್ಸ್ ಕೇಳಿದವನ ಪಂಚಶೀಲ ಅಷ್ಟಕ್ಕೇ ಮುರಿಯಿತು ಎಂದು ಯಾರೂ ಹೇಳಬೇಕಾಗಿಲ್ಲ. ಅಶೋಕನ ಉದಾಹರಣೆಯನ್ನೂ ಕೆಲವರು ತರುತ್ತಾರೆ. ಕಳಿಂಗದ ಪಶ್ಚಾತ್ತಾಪದ ನಂತರವೂ ಆತ ಸೈನ್ಯ ಬಿಡಲಿಲ್ಲ, ಕಾಡಿನ ಜನರಿಗೆ ತನ್ನ ಬಲ ನೆನಪಿಸಿಯೇ ಎಚ್ಚರಿಕೆ ಕೊಟ್ಟ. ಅದು ನಿಜ. ಆದರೆ ಅದು ಅರಸನ ಮಾತು. ನಮ್ಮ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನದಲ್ಲಿ, ಅಶೋಕ ತನ್ನ ಹೆಸರು ಹಿಡಿದು ಮಾತಾಡುವುದು ಉಪಾಸಕನಾಗಿ. ಎರಡೂವರೆ ವರ್ಷ ಉಪಾಸಕನಾಗಿದ್ದೇನೆ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಹುದು ಎಂಬ ಅರ್ಥದ ಮಾತು ಅಲ್ಲಿದೆ. ಮನೆಯೊಳಗಿನ ಪ್ರಶ್ನೆಗೆ ನಮಗೆ ಬೇಕಾದವನು ಈ ಅಶೋಕ.

ಹಾಗಾದರೆ ಬಂದೂಕು ಕೇಳುವುದು ತಪ್ಪಲ್ಲ. ಎಲ್ಲಿಡಬೇಕು?

ಒಂದು ಸಂಗತಿ ಗಮನಿಸಿ. ಆಯುಧ, ಸಿಡಿಮದ್ದುಗಳ ನಡುವೆಯೇ ಬದುಕುವವರು ಅವನ್ನು ಮನೆಯಲ್ಲಿ ಇಡುವುದಿಲ್ಲ. ಸೈನ್ಯದಲ್ಲಿದ್ದು ಬಂದ ನಮ್ಮ ಹುಡುಗರನ್ನು ಕೇಳಿ. ರೈಫಲ್ ಇರುವುದು ‘ಕೋತ್’ನಲ್ಲಿ. ಸಹಿ ಮಾಡಿ ತೆಗೆದುಕೊಳ್ಳಬೇಕು, ಎಣಿಸಿ ವಾಪಸ್ ಕೊಡಬೇಕು. ಎಷ್ಟೇ ಶೂರನಾದರೂ ರಜೆಗೆ ಬರುವಾಗ ಅದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಬರುವಂತಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯನ್ನೇ ನೋಡಿ. ಬಂಡೆ ಒಡೆಯುವ ಮದ್ದು ಗಣಿ ಕೆಲಸದವರಿಗೆ ದಿನನಿತ್ಯದ ಸಾಮಾನು. ಆದರೂ ಅದರ ಜಾಗ ವಸತಿಯಿಂದ ದೂರದ ಮ್ಯಾಗಝಿನ್, ಕೆಲಸಗಾರನ ಕ್ವಾರ್ಟರ್ಸ್ ಅಲ್ಲ. ಆಯುಧದ ಗುಣ ಬಲ್ಲವರೇ ಅದನ್ನು ಮಲಗುವ ಜಾಗದಿಂದ ದೂರ ಇಟ್ಟಿದ್ದಾರೆ. ಅದನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳಬೇಕು ಅನ್ನುವವನು ಅದರ ಗುಣ ಇನ್ನೂ ಅರಿಯದವನು.

ಹೊರದೇಶದ ಅನುಭವವೂ ಹಾಗೇ ಇದೆ. ಅಮೆರಿಕದಲ್ಲಿ ಮನೆ ಮನೆಯಲ್ಲಿ ಬಂದೂಕು ಇರುವುದು ನಿಮಗೆ ಗೊತ್ತು. 1993ರಲ್ಲಿ ಕೆಲರ್‌ಮನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕು ಇಟ್ಟುಕೊಂಡ ಮನೆಗಳಲ್ಲಿ ಕೊಲೆ ನಡೆಯುವ ಅಪಾಯ ಸುಮಾರು 2.7 ಪಟ್ಟು ಹೆಚ್ಚು ಕಂಡಿತು. ಆ ಹೆಚ್ಚಳ ಬಂದದ್ದು ಹೊರಗಿನ ಕಳ್ಳನಿಂದಲ್ಲ, ಮನೆಯವರಿಂದ ಮತ್ತು ಆಪ್ತರಿಂದ. ಮನೆಯಾಕೆ ‘ನಿದ್ದೆ ಹತ್ತಂಗಿಲ್ಲ’ ಅಂದದ್ದು ಪುಕ್ಕಲುತನ ಅಲ್ಲ. ಕುಡಿದು ಬರುವ ಮೈದುನ, ಫೇಲಾಗಿ ಮೂಲೆ ಹಿಡಿದ ಮಗ, ಆಟಕ್ಕೆ ಟ್ರಂಕು ತೆಗೆಯುವ ಮೊಮ್ಮಗ, ಸಿಟ್ಟು ನೆತ್ತಿಗೇರಿದ ಗಂಡ – ಇಷ್ಟೂ ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಕೆ ಆ ಮಾತು ಹೇಳುತ್ತಾಳೆ. ಗಂಡಸು ಬಾಗಿಲ ಹೊರಗಿನ ವೈರಿಯನ್ನು ಎಣಿಸುತ್ತಾನೆ, ಹೆಂಗಸು ಬಾಗಿಲ ಒಳಗಿನವರನ್ನು ಎಣಿಸುತ್ತಾಳೆ.

ಇಲ್ಲಿ ಸಿಗಾಲನಿಗೆ ಬುದ್ಧರು ಮಾಡಿದ ಉಪದೇಶ ನೆನಪಾಗಬೇಕು. ರಾಜಗೃಹದಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಗೃಹಸ್ಥನ ಮಗನಿಗೆ ಬುದ್ಧರು ಆ ದಿಕ್ಕುಗಳ ಅರ್ಥವನ್ನೇ ಬದಲಿಸಿ ಹೇಳಿದರು. ಪಡುವಣ ದಿಕ್ಕು ಎಂದರೆ ಹೆಂಡತಿ ಮಕ್ಕಳು. ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದರಲ್ಲಿ ಒಂದು, ಮನೆಯ ಯಜಮಾನಿಕೆಯನ್ನು ಆಕೆಗೆ ಒಪ್ಪಿಸುವುದು. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ಯಜಮಾನಿಕೆ ಎಂದರೆ ಉಪ್ಪು ಖಾರದ ಡಬ್ಬಿ ಎಲ್ಲಿಡಬೇಕು ಎಂಬಷ್ಟೇ ಎಂದು ನಾವು ಸಣ್ಣದು ಮಾಡಿಕೊಂಡಿದ್ದೇವೆ. ಉಪ್ಪಿನ ಡಬ್ಬಿಗೆ ಜಾಗ ಹೇಳುವ ಅಧಿಕಾರ ಆಕೆಯದು, ಮಕ್ಕಳ ಜೀವ ತೆಗೆಯಬಲ್ಲ ವಸ್ತುವಿಗೆ ಜಾಗ ಹೇಳುವ ಅಧಿಕಾರ ಮಾತ್ರ ಗಂಡನದು ಅನ್ನುವುದಾದರೆ ಒಪ್ಪಿಸಿದ್ದು ಏನು?

ಹಕ್ಕಿನ ಮಾತು ಬರುತ್ತದೆ ಎಂದು ಗೊತ್ತು. “ನನ್ನ ಹಕ್ಕು, ಸಂವಿಧಾನ ಕೊಟ್ಟದ್ದು, ಇವಳ್ಯಾರು ತಡೆಯಾಕ?” ಸ್ವಲ್ಪ ನಿಲ್ಲಿ. ನಿಯಮ 3 ನಮಗೆ ಕೊಟ್ಟ ಹಕ್ಕು ಸರ್ಕಾರದ ಮುಂದೆ ಚಲಾಯಿಸುವಂಥದ್ದು, ಜಾತಿಯ ದಬ್ಬಾಳಿಕೆಯ ಎದುರು ಚಲಾಯಿಸುವಂಥದ್ದು. ಹೆಂಡತಿಯ ಎದುರು ಚಲಾಯಿಸಲಿ ಎಂದು ಅದನ್ನು ಯಾರೂ ಬರೆಯಲಿಲ್ಲ. ಡಿಸಿ ಸಾಹೇಬರ ಮುಂದೆ ಎದೆ ಸೆಟೆಸಿ ಕೇಳಬೇಕಾದ್ದನ್ನು ಅಡುಗೆ ಮನೆಯಲ್ಲಿ ಸೆಟೆಸಿ ಕೇಳುವುದು ಹಳೇ ಚಟ. ಇನ್ನೂ ಒಂದಿದೆ. ಇಬ್ಬರಲ್ಲಿ ಒಬ್ಬರ ‘ಬೇಡ’ ಗೆದ್ದರೆ ಇನ್ನೊಬ್ಬರಿಗೆ ಆಗುವುದು ತೊಂದರೆ. ಒಬ್ಬರ ‘ಬೇಕು’ ಗೆದ್ದರೆ ಇನ್ನೊಬ್ಬರ ತಲೆದಿಂಬಿನ ಹತ್ತಿರ ಬರುವುದು ಅಪಾಯ. ತೊಂದರೆ, ಅಪಾಯ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗದು. ಅದಕ್ಕೇ ನನ್ನ ಮಟ್ಟಿಗೆ, ಇಬ್ಬರು ಮಲಗುವ ಸೂರಿನ ಕೆಳಗೆ ಆಯುಧ ಬರಬೇಕಾದರೆ ಇಬ್ಬರೂ ಹೌದು ಅನ್ನಬೇಕು. ಗಂಡ ಬೇಡ ಅಂದು ಹೆಂಡತಿ ಬೇಕು ಅಂದರೂ ಇದೇ ಲೆಕ್ಕ. ಗಂಡ ದುಡಿಯಲು ಬೆಂಗಳೂರಿಗೆ ಹೋದ ಮೇಲೆ ಒಂಟಿಯಾಗಿ ಹೊಲ ಕಾಯುವ ಹೆಣ್ಣುಮಗಳು ನಾಳೆ ಲೈಸನ್ಸ್ ಕೇಳಬಹುದು.

ಕೆನಡಾ ದೇಶದಲ್ಲಿ ಬಂದೂಕಿನ ಲೈಸನ್ಸ್ ಕೇಳುವವನು ತನ್ನ ಸಂಗಾತಿಯ ಸಹಿಯನ್ನೂ ತರಬೇಕು. ಸಹಿ ಇಲ್ಲದಿದ್ದರೆ ಅಧಿಕಾರಿಗಳೇ ಆಕೆಗೆ ವಿಷಯ ತಿಳಿಸುತ್ತಾರೆ. ನಮ್ಮಲ್ಲಿ ಪೊಲೀಸ್ ವರದಿ ಕೇಳುತ್ತಾರೆ, ಮನೆಯಾಕೆಯ ಒಪ್ಪಿಗೆ ಕೇಳುವುದಿಲ್ಲ. ಕಾನೂನು ಕೇಳದಿದ್ದರೂ ಕೇಳಿಕೊಳ್ಳುವುದು ಉಪಾಸಕನ ಕೆಲಸ.

ಕೇಳಿಕೊಳ್ಳುವುದರಲ್ಲೂ ಒಂದು ಮಾದರಿ ನಮ್ಮ ಮುಂದಿದೆ. ಬಾಬಾಸಾಹೇಬರು ಹೇಳಿದ ಸಿದ್ಧಾರ್ಥನ ಕಥೆ ನಿಮಗೆಲ್ಲ ಗೊತ್ತಿರುವುದೇ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ನಮಗೆ ಈ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ, ಮೇಲಿನವರು ತೂಬು ಎತ್ತಿದರೆ ಮಸ್ಕಿ ಕಡೆಯ ನೆಲ್ಲು ಒಣಗುತ್ತದೆ. ಶಾಕ್ಯರ ಸಂಘ ಯುದ್ಧಕ್ಕೆ ಬಹುಮತ ಕೊಟ್ಟಿತು. ಸಿದ್ಧಾರ್ಥ ಆಯುಧ ಹಿಡಿಯಲು ಒಲ್ಲೆ ಅಂದ. ಒಲ್ಲೆ ಅಂದರೆ ಶಿಕ್ಷೆ, ಮನೆಯವರಿಗೆ ಸಾಮಾಜಿಕ ಬಹಿಷ್ಕಾರ, ಆಸ್ತಿ ಮುಟ್ಟುಗೋಲು. ಆತ ದೇಶ ಬಿಡುವ ದಾರಿ ಆರಿಸಿಕೊಂಡ. ಆದರೆ ಹಳೆಯ ಕಥೆಗಳಲ್ಲಿ ಹೇಳುವ ಹಾಗೆ ಹೆಂಡತಿ ನಿದ್ದೆಯಲ್ಲಿದ್ದಾಗ ಎದ್ದು ಹೋಗಲಿಲ್ಲ. ಯಶೋಧರೆಯ ಹತ್ತಿರ ಹೋದ, ವಿಷಯ ಹೇಳಿದ, ಆಕೆಯ ಮಾತು ಕೇಳಿದ. ಬಾಬಾಸಾಹೇಬರು ಈ ಪ್ರಸಂಗವನ್ನು ಬೇಕೆಂದೇ ಹೀಗೆ ಬರೆದರು ಎಂದು ನನಗೆ ಅನ್ನಿಸುತ್ತದೆ. ಆಯುಧ ಹಿಡಿಯುವುದಿಲ್ಲ ಎಂಬ ತೀರ್ಮಾನವನ್ನೇ ಹೆಂಡತಿಯ ಮುಂದೆ ಇಡಬೇಕಾದರೆ, ಹಿಡಿಯುತ್ತೇನೆ ಎಂಬ ತೀರ್ಮಾನವನ್ನು ಆಕೆಯಿಂದ ಮುಚ್ಚಿಡುವುದು ಹೇಗೆ? ಅಟ್ಟದ ಮೇಲೆ ಇಟ್ಟು “ತಂದಿಲ್ಲ” ಅಂದರೆ ನಾಲ್ಕನೇ ಶೀಲಕ್ಕೆ ಅಲ್ಲೇ ತೂತು ಬಿತ್ತು.

ಅಣ್ಣನ ಮನೆಯ ಮಾತು ಬಿಡಿ. ಲೈಸನ್ಸ್ ಒಬ್ಬ ವ್ಯಕ್ತಿಗೆ ಕೊಡುವಂಥದ್ದು. ಲೈಸನ್ಸ್ ಇಲ್ಲದವನ ವಶದಲ್ಲಿ ಬಂದೂಕು ಸಿಕ್ಕರೆ 1959ರ ಆಯುಧ ಕಾಯ್ದೆ ಪ್ರಕಾರ ಅದೇ ಅಪರಾಧ. ಮೊದಲೇ ನಮ್ಮವರ ಮೇಲೆ ಪ್ರತಿದೂರು ಹಾಕಲು ಕಾಯುತ್ತಿರುವವರಿಗೆ ನಾವೇ ಕೇಸು ಕಟ್ಟಿಕೊಟ್ಟಂತಾಗುತ್ತದೆ. ಕಾನೂನಿನ ದಾರಿ ಬೇರೆ ಇದೆ. ಸುರಕ್ಷಿತ ಠೇವಣಿಗೆ ಪರವಾನಗಿ ಇರುವ ಆಯುಧ ವ್ಯಾಪಾರಿಯ ಹತ್ತಿರ ರಸೀದಿ ಪಡೆದು ಇಡಬಹುದು. ಚುನಾವಣೆ ಬಂದಾಗಲೆಲ್ಲ ಜಿಲ್ಲಾಡಳಿತದ ಆದೇಶದಂತೆ ಲೈಸನ್ಸ್ ಬಂದೂಕುಗಳು ಠಾಣೆಗೆ ಹೋಗಿ ಕೂರುತ್ತವೆ, ಫಲಿತಾಂಶ ಬಂದ ಮೇಲೆ ವಾಪಸ್ ಬರುತ್ತವೆ. ಊರಿಗೆ ಊರೇ ಬಿಸಿಯಾಗಿರುವ ಆ ದಿನಗಳಲ್ಲೇ ಬಂದೂಕಿಲ್ಲದೆ ಮಲಗಬಲ್ಲೆವಾದರೆ ಉಳಿದ ದಿನಗಳ ಬಗ್ಗೆಯೂ ಯೋಚಿಸಬಹುದು.

“ಸಿಂಧನೂರಿನ ಠಾಣೆಯಲ್ಲಿದ್ದ ಬಂದೂಕು ರಾತ್ರಿ ಎರಡು ಗಂಟೆಗೆ ಹಳ್ಳಿಯಲ್ಲಿ ಯಾವ ಉಪಯೋಗಕ್ಕೆ?” ಎಂದು ಕೇಳುವವರಿಗೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ನಮ್ಮ ಪಕ್ಕದ ಗಂಗಾವತಿ ತಾಲ್ಲೂಕಿನ ಮರಕುಂಬಿ ನೆನಪು ಮಾಡಿಕೊಳ್ಳಿ. 2014ರ ಆಗಸ್ಟ್‌ನಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಆಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ಹತ್ತು ವರ್ಷ ಕಾಯಬೇಕಾಯಿತು ಎಂಬ ನೋವು ನಮ್ಮೆಲ್ಲರದು. ಆದರೆ ಅಷ್ಟು ದೊಡ್ಡ ಗುಂಪಿನ ಮುಂದೆ ಟ್ರಂಕಿನಲ್ಲಿದ್ದ ಒಂದು ಒಂಟಿ ನಳಿಕೆ ಏನು ಮಾಡುತ್ತಿತ್ತು? ಒಂದು ಗುಂಡು ಹಾರಿದ್ದರೆ ಕಥೆಯ ಆರೋಪಿ ಯಾರಾಗುತ್ತಿದ್ದರು? ಆ ಜನರನ್ನು ನ್ಯಾಯಾಲಯದವರೆಗೆ ತಂದದ್ದು ಸಾಕ್ಷಿ ಹೇಳಿದವರ ಬಾಯಿ. ಕಾಯ್ದೆಗೆ 2015ರಲ್ಲಿ ಸೇರಿಸಿದ 15ಎ ಕಲಂ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಲೈಸನ್ಸ್ ಅರ್ಜಿಗೆ ಓಡಾಡುವ ಅರ್ಧದಷ್ಟು ಈ ಕಲಂಗಾಗಿ ಓಡಾಡಿದರೆ ಒಬ್ಬನ ಮನೆಗಲ್ಲ, ಇಡೀ ಕೇರಿಗೆ ಕಾವಲು ಸಿಗುತ್ತದೆ.

ಈಗ ನಿಮ್ಮಲ್ಲಿ ಬಹಳ ಜನ “ನಮಗೇನು, ನಮ್ಮ ಮನ್ಯಾಗ ಬಂದೂಕಿಲ್ಲ” ಎಂದು ನಿಶ್ಚಿಂತೆಯಿಂದ ಓದುತ್ತಿರಬಹುದು. ಬುದ್ಧರು ಉಪಾಸಕನಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಆಯುಧದ ಜೊತೆಗೇ ವಿಷವೂ ಇದೆ. ಹೋಗಿ ನಿಮ್ಮ ಬಾಗಿಲ ಹಿಂದೆ, ಗೂಟದ ಮೇಲೆ, ಜೋಳದ ಚೀಲದ ಸಂದಿಯಲ್ಲಿ ನೋಡಿ. ನೆಲ್ಲಿಗೋ ಹತ್ತಿಗೋ ತೊಗರಿಗೋ ಹೊಡೆದು ಉಳಿದ ಎಣ್ಣಿ ಡಬ್ಬಿ ಕೂತಿರುತ್ತದೆ. ಲೇಬಲ್ ಮೇಲೆ ಕೆಂಪೋ ಹಳದಿಯೋ ತ್ರಿಕೋನ. ಅದಕ್ಕೆ ಡಿಸಿ ಲೈಸನ್ಸ್ ಬೇಡ, ಪೊಲೀಸ್ ವರದಿ ಬೇಡ. ಕ್ಯಾಂಪಿನ ಅಂಗಡಿಯಲ್ಲಿ ಉದ್ದರಿಯಾಗಿಯೂ ಸಿಗುತ್ತದೆ. ನಮ್ಮ ಮೂರು ತಾಲ್ಲೂಕಿನಲ್ಲಿ ಎಷ್ಟು ಮನೆಯ ದೀಪ ಆರಿಸಿದ್ದು ಬಂದೂಕು, ಎಷ್ಟು ಮನೆಯದು ಈ ಡಬ್ಬಿ ಎಂದು ನೀವೇ ನಿಮ್ಮ ಬೀಗರ ಕಡೆ ಲೆಕ್ಕ ಹಾಕಿ. “ಎಣ್ಣಿ ಡಬ್ಬಿ ಮನ್ಯಾಗ ಇಡಬ್ಯಾಡ್ರೀ” ಎಂದು ಎಷ್ಟೋ ಹೆಂಗಸರು ಹೇಳಿ ಹೇಳಿ ಸುಮ್ಮನಾಗಿದ್ದಾರೆ. ಬಂದೂಕಿನ ಪ್ರಶ್ನೆ ಕೇಳಿದ ಉಪಾಸಕರು ಕನಿಷ್ಠ ಕೇಳಿದರು. ಡಬ್ಬಿಯ ವಿಷಯದಲ್ಲಿ ನಾವು ಯಾರೂ ಕೇಳಿಲ್ಲ.

ಕೀಲಿ ಹಾಕಿದರೆ ಸಾಲದೇ? ಬುದ್ಧ ಧಮ್ಮ ನೆಲೆನಿಂತ ಶ್ರೀಲಂಕಾದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 180 ಹಳ್ಳಿ, 50 ಸಾವಿರಕ್ಕೂ ಹೆಚ್ಚು ಮನೆ. ಅರ್ಧ ಹಳ್ಳಿಗಳಿಗೆ ಔಷಧಿ ಇಡಲು ಕೀಲಿ ಇರುವ ಪೆಟ್ಟಿಗೆ ಕೊಟ್ಟರು, ಇನ್ನರ್ಧಕ್ಕೆ ಕೊಡಲಿಲ್ಲ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪೆಟ್ಟಿಗೆಯಿಂದ ವಿಷಸೇವನೆ ಕಡಿಮೆಯಾಗಲಿಲ್ಲ. ನನ್ನ ಓದಿನಲ್ಲಿ ಇದರ ಅರ್ಥ ಸರಳ: ಪೆಟ್ಟಿಗೆ ಮನೆಯಲ್ಲೇ, ಕೀಲಿಯೂ ಮನೆಯಲ್ಲೇ, ಸಿಟ್ಟೂ ಮನೆಯಲ್ಲೇ. ಅದೇ ದೇಶ ತೀರಾ ವಿಷಕಾರಿ ಔಷಧಿಗಳನ್ನು 1995ರ ನಂತರ ಒಂದೊಂದಾಗಿ ನಿಷೇಧಿಸಿದಾಗ ಮುಂದಿನ ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ವಸ್ತು ದೂರ ಹೋದದ್ದು ಜೀವ ಉಳಿಸಿತು. ಸಾಯಬೇಕು ಅನ್ನಿಸುವ ಆ ಗಳಿಗೆ ದಾಟುತ್ತದೆ, ದಾಟಿದವರಲ್ಲಿ ಬಹುಪಾಲು ಜನ ಬದುಕುತ್ತಾರೆ. ಯಾರಿಗಾದರೂ ಅಂಥ ಗಳಿಗೆ ಬಂದಿದ್ದರೆ ಒಬ್ಬರೇ ಕೂರಬೇಡಿ, ಹತ್ತಿರದವರನ್ನು ಕರೆಯಿರಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ ಮಾತಾಡುತ್ತಾರೆ.

ತಮಿಳುನಾಡಿನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಇನ್ನೊಂದು ದಾರಿ ತೋರಿಸಿತು. ಹಳ್ಳಿಗೆ ಒಂದು ಸಾಮೂಹಿಕ ಕೋಣೆ, ಒಳಗೆ ರೈತರಿಗೆ ಒಂದೊಂದು ಲಾಕರ್. ಔಷಧಿ ಅಲ್ಲೇ ಇಟ್ಟು, ಹೊಡೆಯುವ ದಿನ ತೆಗೆದುಕೊಂಡು ಹೋಗುವುದು. ಸೈನ್ಯದ ಕೋತ್ ಇದ್ದ ಹಾಗೆಯೇ ಅಲ್ಲವೇ?

ಪಾಳಿಯಲ್ಲಿ ಭಿಕ್ಖುವನ್ನು ವರ್ಣಿಸುವಾಗ ದಂಡ, ಶಸ್ತ್ರ ಎರಡನ್ನೂ ‘ನಿಹಿತ’ ಮಾಡಿದವನು ಎನ್ನುತ್ತಾರೆ. ಅಂದರೆ ಕೆಳಗಿಟ್ಟವನು. ನಮ್ಮ ಕನ್ನಡದಲ್ಲೂ ‘ಇಡು’ ಎಂಬ ಒಂದೇ ಮಾತು ಜೋಪಾನ ಮಾಡುವುದಕ್ಕೂ ಆಗುತ್ತದೆ, ಕೆಳಗೆ ಹಾಕುವುದಕ್ಕೂ ಆಗುತ್ತದೆ. ನಾವು ಗೃಹಸ್ಥರು, ಭಿಕ್ಖುಗಳಲ್ಲ. ಹೊಲ ಮಾಡಬೇಕು, ಎಣ್ಣಿ ಹೊಡೆಯಬೇಕು, ಬದುವಿಗಾಗಿ ಕೋರ್ಟಿಗೆ ಅಲೆಯಬೇಕು. ಪೂರಾ ಕೆಳಗಿಡಲು ಆಗದವರು ಹೊಸ್ತಿಲ ಹೊರಗಾದರೂ ಇಡಬಹುದು.

ಆ ಉಪಾಸಕರಿಗೆ ನಾನು ಹೇಳಿದ್ದು ಇಷ್ಟು. ಅರ್ಜಿ ಹಾಕುವುದಾದರೆ ನಿಯಮ 3ರ ಮೊದಲ ಬೇಡಿಕೆಗಳನ್ನೂ ಸೇರಿಸಿ ಹಾಕಿ. ಹಾಕುವ ಮುಂಚೆ ಮನೆಯಾಕೆಗೆ ಓದಿ ಹೇಳಿ. ಆಕೆ ಬೇಡ ಅಂದರೆ ಲೈಸನ್ಸ್ ಬಂದರೂ ಬಂದೂಕು ಠೇವಣಿಯಲ್ಲಿರಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಣ್ಣಿ ಡಬ್ಬಿನೂ ಹೊರಗ ಇಡಬೇಕೇನ್ರೀ?” ಎಂದು ಕೇಳಿದರು. ಅಡ್ಡ ಕೂತಿದ್ದ ಅಕ್ಕನೊಬ್ಬರು ನಮಗಿಂತ ಮುಂಚೆಯೇ “ಮೊದಲು ಅದನ್ನ ಇಡ್ರೀ” ಅಂದರು.

ಮುಂದಿನ ಭಾನುವಾರ ಬರುವಾಗ ಉಪಾಸಕರೆಲ್ಲ ಮನೆಯಾಕೆಯನ್ನು ಕೇಳಿಕೊಂಡು ಬನ್ನಿ: ಈ ಮನೆಯಲ್ಲಿ ಇರಬಾರದು ಎಂದು ನೀನು ಅಂದುಕೊಂಡಿರುವ ವಸ್ತು ಯಾವುದು, ಎಲ್ಲಿದೆ? ಸಾಮೂಹಿಕ ಕೋಣೆಗೆ ವಿಹಾರದ ಹಿಂದಿನ ಖೋಲಿ ಆದೀತೇ, ಅಥವಾ ಜನವಸತಿಯಿಂದ ಇನ್ನಷ್ಟು ದೂರ ಬೇಕೇ, ಕೀಲಿ ಯಾರ ಹತ್ತಿರ ಇರಬೇಕು ಎಂಬುದನ್ನು ಅವತ್ತು ಮಾತಾಡೋಣ. ಉಪಾಸಿಕೆಯರು ತಪ್ಪದೆ ಬರಬೇಕು.

*ಜೈ ಭೀಮ್. ನಮೋ ಬುದ್ಧಾಯ.*